ಒಣಗಿದ ಮೇಲೆ ಉಳಿಯುವುದೇನು? ಹವಾಯಿಯ ಒಂದು ಗುಲಾಬಿ ಅಣಬೆಯ ಪ್ರಕರಣ

ಹವಾಯಿ ದ್ವೀಪಗಳ ಎತ್ತರದ ಮಳೆಕಾಡಿನಲ್ಲಿ ಒಂದು ಪುಟ್ಟ ಗುಲಾಬಿ ಅಣಬೆ ಏಳುತ್ತದೆ. ಮೈತುಂಬಾ ಲೋಳೆ. ಬೆರಳಲ್ಲಿ ಹಿಡಿದರೆ ಜಾರುತ್ತದೆ. ಕಿತ್ತು ಒಂದು ದಿನ ಹಾಗೇ ಇಟ್ಟರೆ ಕೊಳೆತು ಮುದ್ದೆಯಾಗುತ್ತದೆ. ಸರಿಯಾಗಿ ಒಣಗಿಸಿದರೂ ಕೈಗೆ ಸಿಗುವುದು ಉಗುರಿನಷ್ಟು ದೊಡ್ಡ, ಸುಕ್ಕುಗಟ್ಟಿದ, ಮಾಸಲು ಬಣ್ಣದ ಚೂರು. ಗುಲಾಬಿ ಹೋಯಿತು, ಲೋಳೆ ಹೋಯಿತು, ಕೊಡೆಯ ಆಕಾರವೂ ಹೋಯಿತು.

ಇದರ ಹೆಸರು ಹೈಗ್ರೊಸೈಬೆ ನೊಎಲೊಕೆಲಾನಿ. ಇದು ಮೇಣದ ಟೋಪಿ ಅಣಬೆಗಳ ಗುಂಪಿಗೆ ಸೇರಿದ್ದು. ಡೆನಿಸ್ ಡೆಸ್‌ಜಾರ್ಡಿನ್ ಮತ್ತು ಡಾನ್ ಹೆಮ್ಮೆಸ್ ಎಂಬ ಇಬ್ಬರು 1997ರಲ್ಲಿ ಮೈಕಾಲಜಿಯಾ ಪತ್ರಿಕೆಯಲ್ಲಿ ಇದನ್ನು ಹೊಸ ಪ್ರಭೇದ ಎಂದು ವಿವರಿಸಿದರು. ವಿಜ್ಞಾನದ ನಿಯಮದ ಪ್ರಕಾರ ಆ ಹೆಸರಿಗೆ ಆಧಾರ ಕಾಡಿನ ಚೆಂದದ ಅಣಬೆಯಲ್ಲ, ಫೋಟೋ ಕೂಡ ಅಲ್ಲ. ಹರ್ಬೇರಿಯಂ, ಅಂದರೆ ಒಣಗಿಸಿದ ಗಿಡ, ಅಣಬೆಗಳ ಸಂಗ್ರಹಾಲಯ, ಅಲ್ಲಿನ ಪೊಟ್ಟಣದಲ್ಲಿ ಇಟ್ಟ ಒಣಗಿದ ಮಾದರಿಯೇ ಆಧಾರ. ನಾಳೆ ಯಾರಾದರೂ "ಇದು ಅದೇನಾ?" ಎಂದು ಕೇಳಿದರೆ ಆ ಪೊಟ್ಟಣವನ್ನೇ ಬಿಚ್ಚಬೇಕು.

ಹಾಗಿದ್ದರೆ ಬಣ್ಣವೂ ಆಕಾರವೂ ಕಳೆದುಕೊಂಡ ಚೂರು ಹೇಗೆ ಸಾಕ್ಷಿಯಾಗುತ್ತದೆ? ಏನನ್ನು ಉಳಿಸಬೇಕು, ಏನನ್ನು ಬಿಟ್ಟುಕೊಡಬೇಕು, ಯಾವ ಗಂಟೆಯೊಳಗೆ ತೀರ್ಮಾನಿಸಬೇಕು? ಈ ಪ್ರಕರಣದ ತಿರುಳು ಇಷ್ಟೇ. ಕೇಳುವುದಕ್ಕೆ ಸಣ್ಣದು, ಮಾಡುವುದಕ್ಕೆ ಸಣ್ಣದಲ್ಲ.

ಹಿನ್ನೆಲೆ

ಹವಾಯಿ ಎಲ್ಲ ಭೂಖಂಡಗಳಿಂದಲೂ ದೂರ. ಕ್ಯಾಲಿಫೋರ್ನಿಯಾ ತೀರಕ್ಕೆ ಸುಮಾರು 3,800 ಕಿಲೋಮೀಟರ್ ಸಮುದ್ರ ದಾಟಬೇಕು. ಜ್ವಾಲಾಮುಖಿಯಿಂದ ಎದ್ದ ದ್ವೀಪಗಳಿವು. ಕವಾಯಿ ದ್ವೀಪಕ್ಕೆ ಸುಮಾರು 50 ಲಕ್ಷ ವರ್ಷ ವಯಸ್ಸು. ಜನ ಬಿಗ್ ಐಲ್ಯಾಂಡ್ ಎಂದು ಕರೆಯುವ ಹವಾಯಿ ದ್ವೀಪಕ್ಕೆ 10 ಲಕ್ಷ ವರ್ಷವೂ ಆಗಿಲ್ಲ, ಅಲ್ಲಿ ಕಿಲವೆಯಾ ಜ್ವಾಲಾಮುಖಿ ಇನ್ನೂ ಲಾವಾ ಉಗುಳುತ್ತಿದೆ. ಅಂದರೆ ಅಲ್ಲಿರುವ ಪ್ರತಿಯೊಂದು ಜೀವವೂ ಎಲ್ಲಿಂದಲೋ ಬಂದದ್ದೇ. ಮೊದಲು ಗಾಳಿ, ಹಕ್ಕಿ, ಅಲೆಗಳ ಮೇಲೆ ಬಂದವು. ಆಮೇಲೆ ಪಾಲಿನೇಷಿಯನ್ನರ ದೋಣಿಯಲ್ಲಿ, ಅದರ ನಂತರ ಹಡಗು ವಿಮಾನಗಳಲ್ಲಿ.

ಹವಾಯಿಯ ಗಿಡಮರಗಳನ್ನು 19ನೇ ಶತಮಾನದಿಂದಲೇ ಪಟ್ಟಿ ಮಾಡಿದ್ದಾರೆ. ಅಣಬೆಗಳ ವಿಷಯಕ್ಕೆ ಬಂದರೆ ದೊಡ್ಡ ಖಾಲಿ ಜಾಗ. 1925ರಲ್ಲಿ ಹೊನೊಲುಲುವಿನ ಬಿಷಪ್ ಮ್ಯೂಸಿಯಂ ಫ್ರಾಂಕ್ ಸ್ಟೀವನ್ಸ್ ಅವರ ದೊಡ್ಡ ವರದಿಯೊಂದನ್ನು ಪ್ರಕಟಿಸಿತು. ಹವಾಯಿಯ ಶಿಲೀಂಧ್ರಗಳ ಮೇಲೇ ಬರೆದದ್ದು. ಆದರೆ ಅದರಲ್ಲಿ ತುಂಬಿರುವುದು ಹೆಚ್ಚಾಗಿ ಎಲೆಗಳ ಮೇಲೆ ಚುಕ್ಕೆ, ಬೂಷ್ಟು, ತುಕ್ಕು ತರುವ ಜಾತಿಗಳು. ಕಾರಣ ಊಹಿಸುವುದು ಕಷ್ಟವಲ್ಲ. ಎಲೆಯನ್ನು ಕಾಗದದ ನಡುವೆ ಒತ್ತಿದರೆ ಅದರ ಮೇಲಿನ ಶಿಲೀಂಧ್ರವೂ ಜೊತೆಗೇ ಒಣಗುತ್ತದೆ. ಮಾಂಸಲ ಅಣಬೆಯನ್ನು ಹಾಗೆ ಒತ್ತಿದರೆ ಕಾಗದದ ಮೇಲೆ ಕಲೆ ಉಳಿಯುತ್ತದೆ ಅಷ್ಟೇ. ಯಾವ ಜೀವ ಕಾಗದಕ್ಕೆ ಒಗ್ಗಿತೋ ಅದು ದಾಖಲೆಗೆ ಬಂತು, ಒಗ್ಗದ್ದು ಬರಲಿಲ್ಲ.

ಒಂದು ಅಣಬೆಗೆ ಮಾತ್ರ ಈ ತೊಂದರೆ ಇರಲಿಲ್ಲ. ಮರದ ಕೊರಡಿನ ಮೇಲೆ ಕಿವಿಯ ಹಾಗೆ ಜೋತುಬೀಳುವ ಪೆಪೆಯಾವೊ. ಒಣಗಿದರೆ ಗಟ್ಟಿ ಚಕ್ಕೆ, ನೀರಿಗೆ ಹಾಕಿದರೆ ಮತ್ತೆ ಮೊದಲಿನಂತೆ ಮೆತ್ತಗೆ. 19ನೇ ಶತಮಾನದಲ್ಲಿ ಹವಾಯಿಯವರು ಇದನ್ನು ಒಣಗಿಸಿ ಚೀನಾಕ್ಕೆ ಮಾರುತ್ತಿದ್ದರು. ಮೇಣದ ಟೋಪಿಗಳು ಇದರ ಪೂರ್ತಿ ವಿರುದ್ಧ. ತೂಕದ ಸುಮಾರು ಶೇ. 90 ನೀರು, ಉಳಿದದ್ದು ನವಿರಾದ ಎಳೆಗಳು. ಮಾರುವುದಕ್ಕೂ ಬಾರದು, ಇಡುವುದಕ್ಕೂ ಬಾರದು.

1990ರ ದಶಕದಲ್ಲಿ ಈ ಖಾಲಿ ಜಾಗ ತುಂಬಲು ಹೊರಟವರು ಇಬ್ಬರು. ಹೆಮ್ಮೆಸ್ ಹಿಲೊದ ಹವಾಯಿ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಡೆಸ್‌ಜಾರ್ಡಿನ್ ಸ್ಯಾನ್ ಫ್ರಾನ್ಸಿಸ್ಕೊ ರಾಜ್ಯ ವಿಶ್ವವಿದ್ಯಾಲಯದ ಅಣಬೆ ವರ್ಗೀಕರಣ ತಜ್ಞ. ನನ್ನ ಪ್ರಕಾರ ಈ ಜೋಡಿಯೇ ಅರ್ಧ ಕೆಲಸ ಗೆದ್ದಿತ್ತು. ಅಣಬೆ ನಮ್ಮ ವಿಮಾನದ ಟಿಕೆಟ್ ನೋಡಿಕೊಂಡು ಏಳುವುದಿಲ್ಲ, ಅಲ್ವಾ? ಹೊರಗಿನ ತಜ್ಞ ಬಂದ ವಾರ ಕಾಡು ಒಣಗಿದ್ದರೆ ಮುಗಿಯಿತು. ಊರಲ್ಲೇ ಇರುವವರಾದರೆ ಮಳೆ ಬಂದ ಮರುದಿನ ಹೋಗಬಹುದು, ಅದೇ ಕೊರಡನ್ನು ತಿಂಗಳ ನಂತರ ಮತ್ತೆ ನೋಡಬಹುದು. ಹಿಲೊದಲ್ಲಂತೂ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ. ಇಬ್ಬರ ಸಂಗ್ರಹ ಸಂಖ್ಯೆಗಳೂ ತಮಾಷೆಯಾಗಿವೆ. ಒಬ್ಬರದು ಡಿಇಡಿ, ಇನ್ನೊಬ್ಬರದು ಡಿಇಎಚ್, ಅದರ ಮುಂದೆ ಅಂಕಿ. ಕೊನೆಯ ಅಕ್ಷರ ತಪ್ಪಾಗಿ ಬರೆದರೆ ಅಣಬೆ ಬೇರೆಯವರ ಲೆಕ್ಕಕ್ಕೆ ಹೋಗುತ್ತದೆ.

ಸ್ಥಳೀಯನೋ, ವಲಸಿಗನೋ

ದ್ವೀಪದಲ್ಲಿ ಅಣಬೆ ಸಿಕ್ಕಿದ ಕೂಡಲೇ ಏಳುವ ಮೊದಲ ಪ್ರಶ್ನೆ ಇದು. ಹವಾಯಿಯ ತಗ್ಗು ಪ್ರದೇಶದಲ್ಲಿ ಕಾಣುವ ಅಣಬೆಗಳಲ್ಲಿ ಬಹುಪಾಲು ಹೊರಗಿನವು. ಹುಲ್ಲುಹಾಸಿನಲ್ಲಿ, ಸಗಣಿಯ ಮೇಲೆ, ತೋಟಕ್ಕೆ ಹರಡಿದ ಮರದ ಚೂರಿನ ಮೇಲೆ, ಮೆಕಡೇಮಿಯಾ ಕಾಯಿಯ ಸಿಪ್ಪೆ ರಾಶಿಯಲ್ಲಿ ಏಳುವಂಥವು. ದನ, ಕುಂಡದ ಮಣ್ಣು, ಮರದ ದಿಮ್ಮಿ, ಇವುಗಳ ಜೊತೆ ಬಂದವು.

ಪೈನ್, ನೀಲಗಿರಿ, ಗಾಳಿಮರದ ತೋಪುಗಳ ಕಥೆ ಇನ್ನೂ ಸ್ಪಷ್ಟ. ಈ ಮರಗಳ ಬೇರಿಗೆ ಕೆಲವು ಅಣಬೆಗಳು ಕವಚದಂತೆ ಸುತ್ತಿಕೊಂಡು ಕೊಡುಕೊಳ್ಳುವ ವ್ಯವಹಾರ ಮಾಡುತ್ತವೆ. ಇಂಥ ಅಣಬೆಗೆ ತನ್ನ ಮರ ಇಲ್ಲದೆ ಬದುಕಿಲ್ಲ. ಕೆಂಪು ಟೋಪಿ, ಬಿಳಿ ಚುಕ್ಕೆಯ ಅಮಾನಿಟಾ ಮಸ್ಕೇರಿಯಾ ಹವಾಯಿಯಲ್ಲಿ ಪೈನ್ ಮರದ ಕೆಳಗೆ ಕಾಣುತ್ತದೆ. ಆದರೆ ಪೈನ್ ಅಲ್ಲಿನ ಮರವಲ್ಲ. ಸಸಿಯ ಬೇರಿನ ಮಣ್ಣಿನಲ್ಲೇ ಅಣಬೆಯೂ ಬಂದಿರಬೇಕು.

ಎತ್ತರದ ಒದ್ದೆ ಕಾಡು ಬೇರೆಯದೇ ಲೋಕ. ಅಲ್ಲಿ ಓಹಿಯಾ ಮರಗಳ ರಾಜ್ಯ, ಕೋವಾ ಮರಗಳು, ಅವುಗಳ ಕೆಳಗೆ ಹಾಪುಉ ಎಂಬ ಮರಜರಿಗಿಡಗಳು. ಡೆಸ್‌ಜಾರ್ಡಿನ್ ಮತ್ತು ಹೆಮ್ಮೆಸ್ ವಿವರಿಸಿದ ಮೇಣದ ಟೋಪಿಗಳು ಈ ಲೋಕಕ್ಕೆ ಸೇರಿದವು. ಒಂದಕ್ಕೆ ಮರಜರಿಯ ಹೆಸರನ್ನೇ ಇಟ್ಟು ಹಾಪುಉಎ ಎಂದರು. ಇನ್ನೊಂದು ಪಾಕೆಲೊ, ಮತ್ತೊಂದು ಲಮಲಮ. ಹೆಸರುಗಳನ್ನು ಹವಾಯಿ ಭಾಷೆಯಿಂದಲೇ ತೆಗೆದುಕೊಂಡದ್ದು ನನಗೆ ಹಿಡಿಸಿದ ಸಂಗತಿ.

ಇಲ್ಲಿ ಚೀಟಿಯ ಮಾತು ಬರುತ್ತದೆ. ಹರ್ಬೇರಿಯಂಗಳಲ್ಲಿ ಹಳೆಯ ಪೊಟ್ಟಣ ಬಿಚ್ಚಿದರೆ ಎಷ್ಟೋ ಸಲ "ಕಾಡು, ನೆಲದ ಮೇಲೆ" ಎಂದು ಮಾತ್ರ ಬರೆದಿರುತ್ತದೆ. ಭೂಖಂಡದಲ್ಲಿ ಇದು ಬರೀ ಸೋಮಾರಿತನ. ದ್ವೀಪದಲ್ಲಿ ಇದು ಮಾದರಿಯನ್ನೇ ಅರ್ಧ ಕೆಡಿಸಿದ ಹಾಗೆ. ಓಹಿಯಾ ಬುಡದ ಪಾಚಿಯಲ್ಲಿ ಸಿಕ್ಕಿದ್ದೋ, ಹತ್ತು ಹೆಜ್ಜೆ ಆಚೆ ಹಾದಿಬದಿಗೆ ಸುರಿದ ಮರದ ಚೂರಿನಲ್ಲಿ ಸಿಕ್ಕಿದ್ದೋ ಎಂಬುದರ ಮೇಲೆ ಅದು ಸ್ಥಳೀಯನೋ ವಲಸಿಗನೋ ಎಂಬ ವಾದ ನಿಲ್ಲುತ್ತದೆ. 2002ರಲ್ಲಿ ಈ ಇಬ್ಬರೂ ಹವಾಯಿಯ ಅಣಬೆಗಳ ಗುರುತು ಕೈಪಿಡಿ ತಂದಾಗ ಅಧ್ಯಾಯಗಳನ್ನು ಆವಾಸದ ಪ್ರಕಾರ ಜೋಡಿಸಿದರು. ಗಾಳಿಮರದ ತೋಪು ಒಂದು ಕಡೆ, ಹುಲ್ಲುಗಾವಲು ಒಂದು ಕಡೆ, ಸ್ಥಳೀಯ ಮಳೆಕಾಡು ಇನ್ನೊಂದು ಕಡೆ. ಬಣ್ಣದ ಪ್ರಕಾರ ಜೋಡಿಸಿದ್ದರೆ ಹೊಸಬರಿಗೆ ಸುಲಭ ಅನಿಸುತ್ತಿತ್ತೇನೋ. ಆದರೆ ಹವಾಯಿಯ ಮಟ್ಟಿಗೆ ಜಾಗವೇ ಮೊದಲ ಗುರುತು.

ಕಾಡಿನಲ್ಲಿ

ಮೇಣದ ಟೋಪಿಯಂಥ ಅಣಬೆಗೆ ಗಡಿಯಾರ ಶುರುವಾಗುವುದು ಕಿತ್ತ ಕ್ಷಣದಿಂದ. ಹಾಗಾಗಿ ಕೀಳುವ ಮೊದಲೇ ಮಾಡಬೇಕಾದ್ದು ಜಾಸ್ತಿ.

ಮೊದಲು ಫೋಟೋ, ಇದ್ದ ಜಾಗದಲ್ಲೇ. 1990ರ ದಶಕ ಅಂದರೆ ಫಿಲ್ಮ್ ಕಾಲ. ಚಿತ್ರ ಹೇಗೆ ಬಂತು ಎಂದು ರೋಲ್ ತೊಳೆಸಿದ ಮೇಲೆಯೇ ಗೊತ್ತು. ಅಷ್ಟರಲ್ಲಿ ಅಣಬೆ ಇರುವುದಿಲ್ಲ. ಮೇಲಾಗಿ ಹಸಿರು ಕಾಡಿನ ಮಬ್ಬು ಬೆಳಕಿನಲ್ಲಿ ಗುಲಾಬಿ ಬಣ್ಣ ಫಿಲ್ಮಿನಲ್ಲೂ ಸರಿಯಾಗಿ ಬರುವುದಿಲ್ಲ, ಇವತ್ತಿನ ಫೋನಿನಲ್ಲೂ ಬರುವುದಿಲ್ಲ. ಅದಕ್ಕೇ ಅಣಬೆ ತಜ್ಞರು ಬಣ್ಣದ ಪುಸ್ತಕ ಇಟ್ಟುಕೊಳ್ಳುತ್ತಾರೆ. ಪುಟದ ತುಂಬ ಸಂಖ್ಯೆ ಹಾಕಿದ ಬಣ್ಣದ ಚೌಕಗಳು. ಟೋಪಿಯ ನಡುಭಾಗ, ಅಂಚು, ಟೋಪಿಯ ಅಡಿಯ ತೆಳು ಪದರಗಳಾದ ಕಿವಿರು, ದಂಟಿನ ಮೇಲ್ಭಾಗ, ಬುಡ, ಹೀಗೆ ಒಂದೊಂದಕ್ಕೂ ಚೌಕ ಹೊಂದಿಸಿ ಸಂಖ್ಯೆ ಬರೆಯಬೇಕು. ಹಾಗೆ ಬರೆದಿಟ್ಟ ಗುಲಾಬಿ ಮೂವತ್ತು ವರ್ಷವಾದರೂ ಮಾಸುವುದಿಲ್ಲ.

ಆಮೇಲೆ ವಾಸನೆ. ಕಿವಿರು ದಂಟಿಗೆ ಹೇಗೆ ಅಂಟಿದೆ. ಲೋಳೆ ಟೋಪಿಯ ಮೇಲೆ ಮಾತ್ರವೋ, ದಂಟಿನ ಮೇಲೂ ಇದೆಯೋ. ಉಜ್ಜಿದರೆ ಬಣ್ಣ ತಿರುಗುತ್ತದೆಯೋ. ಒಣಗಿದ ಮೇಲೆ ಈ ಯಾವ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ. ಇವೆಲ್ಲ ಬರೆದಿರದಿದ್ದರೆ ಹರ್ಬೇರಿಯಂಗೆ ಸೇರುವುದು ಹೆಸರಿಲ್ಲದ ಚೂರು.

ಕೀಳುವಾಗ ಎಳೆಯಬಾರದು. ಚಾಕು ಕೆಳಗೆ ತೂರಿಸಿ ಬುಡದ ಪಾಚಿ, ಮಣ್ಣಿನ ಸಮೇತ ಎತ್ತಬೇಕು. ಒಂದನ್ನೇ ತೆಗೆದರೆ ಸಾಲದು. ಮೊಗ್ಗು, ಅರಳಿದ್ದು, ವಯಸ್ಸಾದದ್ದು ಎಲ್ಲ ಬೇಕು. ಎಳೆಯದರಲ್ಲಿ ಬೀಜಾಣು ಬಲಿತಿರುವುದಿಲ್ಲ, ಮುದಿಯದರಲ್ಲಿ ಬಣ್ಣ ಹೋಗಿರುತ್ತದೆ. ಹಾಗಂತ ಇಡೀ ಗುಂಪನ್ನೇ ಬಾಚಿಕೊಂಡು ಬರುವುದೂ ಸರಿಯಲ್ಲ, ಒಂದಷ್ಟು ಬೀಜಾಣು ಉದುರಿಸಲು ಅಲ್ಲೇ ಉಳಿಯಬೇಕು.

ಸಾಗಿಸುವುದಕ್ಕೆ ಮೇಣದ ಕಾಗದ ಅಥವಾ ಅಲ್ಯೂಮಿನಿಯಂ ಹಾಳೆ, ಇಲ್ಲವೇ ಮೀನು ಹಿಡಿಯುವವರು ಗಾಳ ಇಡುವ ಖಾನೆಗಳ ಡಬ್ಬಿ. ಪ್ಲಾಸ್ಟಿಕ್ ಚೀಲ ಮಾತ್ರ ಬೇಡವೇ ಬೇಡ. ಅಣಬೆ ಉಸಿರಾಡುತ್ತಲೇ ಇರುತ್ತದೆ, ಚೀಲದೊಳಗೆ ಬೆವರುತ್ತದೆ, ಬ್ಯಾಕ್ಟೀರಿಯಾಗೆ ಹಬ್ಬ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಅಣಬೆ ಆಯ್ದು ಪ್ಲಾಸ್ಟಿಕ್ ಕವರಿನಲ್ಲಿ ತಂದವರಿಗೆ ಸಂಜೆಯ ವಾಸನೆ ಗೊತ್ತಿರುತ್ತದೆ.

ಅನುಮತಿಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹವಾಯಿಯ ರಾಷ್ಟ್ರೀಯ ಉದ್ಯಾನಗಳಲ್ಲಿ, ರಾಜ್ಯದ ಮೀಸಲು ಪ್ರದೇಶಗಳಲ್ಲಿ ಮಾದರಿ ಸಂಗ್ರಹಕ್ಕೆ ಪರವಾನಗಿ ಬೇಕು. ಭಾರತದಲ್ಲೂ 2002ರ ಜೀವವೈವಿಧ್ಯ ಕಾಯ್ದೆ ಬಂದ ಮೇಲೆ ಮಾದರಿಯನ್ನು ಹೊರದೇಶಕ್ಕೆ ಕೊಡುವುದು ಸುಮ್ನೆ ಅಂಚೆಗೆ ಹಾಕುವ ಕೆಲಸವಲ್ಲ. ಪರವಾನಗಿ ಇಲ್ಲದ ಮಾದರಿ ಎಷ್ಟು ಚೆನ್ನಾಗಿ ಒಣಗಿದ್ದರೂ ಪತ್ರಿಕೆಗಳು, ಹರ್ಬೇರಿಯಂಗಳು ಈಗ ಹಿಂದೆಮುಂದೆ ನೋಡುತ್ತವೆ.

ಒಣಗಿಸುವುದು

ಇಡೀ ಪ್ರಕರಣದ ಜೀವ ಇಲ್ಲಿದೆ. ಹಾಗಾಗಿ ನಿಧಾನವಾಗಿ ನೋಡೋಣ.

ಮಳೆಕಾಡಿನ ಗಾಳಿಯಲ್ಲಿ ತೇವ ಹೆಚ್ಚುಕಡಿಮೆ ಶೇ. 100. ಅಂಥ ಗಾಳಿಗೆ ಅಣಬೆಯನ್ನು ಹರಡಿಟ್ಟರೆ ಅದು ಒಣಗುವುದಿಲ್ಲ, ಕೊಳೆಯುತ್ತದೆ. ಹಾಗಾದರೆ ಅದೇ ಒದ್ದೆ ಗಾಳಿಯಿಂದ ಡ್ರೈಯರ್ ಹೇಗೆ ಕೆಲಸ ಮಾಡುತ್ತದೆ? ಬಿಸಿ ಗಾಳಿಗೆ ನೀರಿನ ಆವಿ ಹಿಡಿದುಕೊಳ್ಳುವ ತಾಕತ್ತು ಜಾಸ್ತಿ. 20 ಡಿಗ್ರಿಯ ಪೂರ್ತಿ ಒದ್ದೆ ಗಾಳಿಯನ್ನು 42 ಡಿಗ್ರಿಗೆ ಬಿಸಿ ಮಾಡಿದರೆ, ಅದರಲ್ಲಿರುವ ಆವಿ ಅಷ್ಟೇ ಇದ್ದರೂ, ಸಾಪೇಕ್ಷ ತೇವ ಶೇ. 30ಕ್ಕಿಂತ ಕೆಳಗೆ ಇಳಿಯುತ್ತದೆ. ಆ ಗಾಳಿ ಅಣಬೆಯ ಮೇಲೆ ಹಾದು ಹೊರಗೆ ಹೋಗುತ್ತಲೇ ಇರಬೇಕು, ಅಷ್ಟೇ. ಬಿಸಿಯಷ್ಟೇ ಹರಿವೂ ಮುಖ್ಯ. ಮುಚ್ಚಿದ ಓವನ್ನಿನಲ್ಲಿ ಇಟ್ಟರೆ ಅಣಬೆ ತನ್ನ ಆವಿಯಲ್ಲೇ ಬೇಯುತ್ತದೆ.

40ರಿಂದ 45 ಡಿಗ್ರಿ ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಮಟ್ಟ. ಅದಕ್ಕಿಂತ ತುಂಬಾ ಮೇಲೆ ಹೋದರೆ ಜೀವಕೋಶಗಳು ಕುಸಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಡಿಎನ್‌ಎ ಚೂರಾಗುತ್ತದೆ. ತೀರಾ ಕೆಳಗೆ ಇಳಿದರೆ ಒಳಗಿರುವ ನೊಣದ ಹುಳುಗಳಿಗೆ ಬೆಚ್ಚಗಿನ ಮನೆ ಕೊಟ್ಟ ಹಾಗಾಗುತ್ತದೆ, ಅವು ಒಣಗುವುದಕ್ಕಿಂತ ಮೊದಲೇ ಊಟ ಮುಗಿಸುತ್ತವೆ. ಕರೆಂಟ್ ಇರುವ ಕಡೆ ಹಣ್ಣು ಒಣಗಿಸುವ ಮನೆಬಳಕೆಯ ಡ್ರೈಯರ್ ಸಾಕು. ಜಾಲರಿ ತಟ್ಟೆಗಳು, ಒಂದು ಫ್ಯಾನ್, ಉಷ್ಣತೆ ತಿರುಗಿಸುವ ಗುಂಡಿ. ಕರೆಂಟ್ ಇಲ್ಲದ ದ್ವೀಪಗಳಲ್ಲಿ ಸಣ್ಣ ಸ್ಟೌವ್ ಮೇಲೆ ಜಾಲರಿ ಕಟ್ಟಿ, ಸುತ್ತ ಬಟ್ಟೆ ಬಿಗಿದು ಚಿಮಣಿಯಂತೆ ಮಾಡಿಕೊಳ್ಳುವವರಿದ್ದಾರೆ. ಉರಿ ಕಾಯುವುದಕ್ಕೆ ಒಬ್ಬರು ಎದ್ದಿರಬೇಕು.

ಲೋಳೆ ಅಣಬೆಗೆ ಇನ್ನೊಂದು ಕಾಟ. ಟೋಪಿಯನ್ನು ಕಾಗದದ ಮೇಲೆ ಮಗುಚಿ ಇಟ್ಟರೆ ಲೋಳೆ ಒಣಗಿ ಅಂಟಾಗುತ್ತದೆ. ಬೆಳಿಗ್ಗೆ ಬಿಡಿಸಿದರೆ ಟೋಪಿಯ ಮೇಲ್ಪದರವೇ ಕಾಗದಕ್ಕೆ ಕಿತ್ತು ಬರುತ್ತದೆ. ಆ ಮೇಲ್ಪದರದಲ್ಲಿ ಎಳೆಗಳು ಹೇಗೆ ಹೆಣೆದುಕೊಂಡಿವೆ ಎಂಬುದು ಪ್ರಭೇದ ಗುರುತಿಸುವ ಮುಖ್ಯ ಲಕ್ಷಣಗಳಲ್ಲಿ ಒಂದು. ಹಾಗಾಗಿ ಟೋಪಿ ಮೇಲ್ಮುಖವಾಗಿರಬೇಕು, ಕೆಳಗೆ ಬರೀ ಜಾಲರಿ ಇರಬೇಕು. ದಪ್ಪ ಅಣಬೆಯಾದರೆ ಉದ್ದಕ್ಕೆ ಎರಡು ಹೋಳು ಮಾಡಬೇಕು. ನಮ್ಮ ಗುಲಾಬಿಯಂಥದ್ದು ಚಿಕ್ಕದು, ಇಡಿಯಾಗಿಯೇ ರಾತ್ರಿ ಕಳೆಯುವುದರಲ್ಲಿ ಒಣಗುತ್ತದೆ.

ಒಂದು ಟೋಪಿಯನ್ನು ಮಾತ್ರ ಒಣಗಿಸದೆ ಪಕ್ಕಕ್ಕಿಡುತ್ತಾರೆ. ಬಿಳಿ ಕಾಗದದ ಅಥವಾ ಗಾಜಿನ ಮೇಲೆ ಕಿವಿರು ಕೆಳಗೆ ಮಾಡಿ, ಲೋಟ ಬೋರಲು ಹಾಕಿ, ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಕಿವಿರಿನ ಗೆರೆಗಳ ಆಕಾರದಲ್ಲೇ ಬೀಜಾಣುಗಳ ಪುಡಿ ಬಿದ್ದಿರುತ್ತದೆ. ಮೇಣದ ಟೋಪಿಗಳದ್ದು ಬಿಳಿ. ಈ ಪುಡಿಯಲ್ಲಿರುವುದು ಬಲಿತು ತಾನಾಗಿ ಉದುರಿದ ಬೀಜಾಣುಗಳು. ಕಿವಿರು ಕೆರೆದು ತೆಗೆದದ್ದರಲ್ಲಿ ಬಲಿತದ್ದು, ಬಲಿಯದ್ದು ಎರಡೂ ಬೆರೆತಿರುತ್ತವೆ. ಅಳತೆ ತೆಗೆಯುವುದಕ್ಕೆ ಪುಡಿಯೇ ಒಳ್ಳೆಯದು.

ಒಣಗಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ಯಂತ್ರ ಬೇಡ. ದಂಟನ್ನು ಬಗ್ಗಿಸಿ ನೋಡಬೇಕು. ಬಾಗಿದರೆ ಇನ್ನೂ ನೀರಿದೆ. ಹಪ್ಪಳದ ಹಾಗೆ ಪಟ್ ಎಂದು ಮುರಿದರೆ ಆಯಿತು.

ತುಂಬಾ ಜನ ಎಡವುವುದು ಇದಾದ ಮೇಲಿನ ಅರ್ಧ ಗಂಟೆಯಲ್ಲಿ. ಡ್ರೈಯರ್ ಆರಿಸಿ, "ತಣ್ಣಗಾಗಲಿ" ಎಂದು ತಟ್ಟೆ ಹೊರಗಿಟ್ಟು ಊಟಕ್ಕೆ ಹೋಗುತ್ತಾರೆ. ಗಾಳಿ ತಣ್ಣಗಾದ ಹಾಗೆ ಅದರ ತೇವ ಮತ್ತೆ ಶೇ. 100ರ ಕಡೆಗೆ ಏರುತ್ತದೆ. ಗರಿಗರಿ ಚೂರು ಆ ತೇವವನ್ನೆಲ್ಲ ಕುಡಿದು ಮೆತ್ತಗಾಗುತ್ತದೆ. ಆಮೇಲೆ ಅದನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದರೆ ಒಳಗೆ ಬೂಷ್ಟು. ಬೆಚ್ಚಗಿರುವಾಗಲೇ, ಡ್ರೈಯರಿನಿಂದ ನೇರವಾಗಿ, ಗಾಳಿಯಾಡದ ಜಿಪ್ ಚೀಲಕ್ಕೆ ಹೋಗಬೇಕು. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ, ಸಂಗ್ರಹ ಸಂಖ್ಯೆ ಬರೆದ ಚೀಟಿ. ಚೀಟಿ ಪೆನ್ಸಿಲಿನಲ್ಲಿ. ಪೆನ್ನಿನ ಶಾಯಿ ಒದ್ದೆಯಾದರೆ ಹರಡುತ್ತದೆ.

ಈಗಿನವರು ಇನ್ನೊಂದು ಹೆಜ್ಜೆ ಸೇರಿಸುತ್ತಾರೆ. ಒಣಗಿಸುವ ಮೊದಲೇ ಅಕ್ಕಿಕಾಳಿನಷ್ಟು ತಾಜಾ ತುಂಡನ್ನು ಕತ್ತರಿಸಿ, ಡಿಎನ್‌ಎ ಕೆಡದಂತೆ ಕಾಯುವ ದ್ರಾವಣದ ಸೀಸೆಗೆ ಹಾಕುತ್ತಾರೆ. ಸೀಸೆಗೂ ಅದೇ ಸಂಖ್ಯೆ.

ಜೀವಂತವಾಗಿಯೇ ಉಳಿಸಬಾರದೇ ಎಂದು ಕೇಳಬಹುದು. ಮರ ಕೊಳೆಸುವ ಅಣಬೆಗಳಾದರೆ ಆಗುತ್ತದೆ. ಒಂದು ತುಂಡನ್ನು ಅಗರ್ ಎಂಬ ಪೋಷಕ ಜೆಲ್ಲಿಯ ಮೇಲೆ ಇಟ್ಟರೆ ಎಳೆ ಹರಡುತ್ತದೆ, ಅದನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಡಬಹುದು. ಮೇಣದ ಟೋಪಿಗಳು ಈ ಆಟಕ್ಕೆ ಬರುವುದಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಅವನ್ನು ಬೆಳೆಸುವುದು ಬಹಳ ಕಷ್ಟ. ಹಾಗಾಗಿ ಒಣ ಚೂರು ಬಿಟ್ಟರೆ ಬೇರೆ ಗತಿ ಇಲ್ಲ.

ಇನ್ನೊಂದು ದಾರಿ ಇತ್ತು

ಒಣಗಿಸುವುದೇ ಯಾಕೆ, ಸೀಸೆಯಲ್ಲಿ ದ್ರವಕ್ಕೆ ಹಾಕಿ ಇಡಬಹುದಿತ್ತಲ್ಲ? ಹಾಗೆ ಮಾಡಿದ ದೊಡ್ಡವರೊಬ್ಬರಿದ್ದಾರೆ. ಬ್ರಿಟಿಷ್ ಸಸ್ಯವಿಜ್ಞಾನಿ ಇ. ಜೆ. ಎಚ್. ಕಾರ್ನರ್. ಸಿಂಗಾಪುರದ ಸಸ್ಯೋದ್ಯಾನದಲ್ಲಿದ್ದಾಗ ಮರದ ತುದಿಯ ಮಾದರಿ ತರಲು ಕೋತಿಗಳನ್ನೇ ಪಳಗಿಸಿದವರು. ಆಮೇಲೆ ಕೇಂಬ್ರಿಜ್‌ಗೆ ಹೋದರು. 1965ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಪೆಸಿಫಿಕ್‌ನ ಸಾಲೊಮನ್ ದ್ವೀಪಗಳಿಗೆ ಕಳಿಸಿದ ತಂಡದ ನಾಯಕರು ಅವರೇ.

ಕಾರ್ನರ್ ಅಣಬೆಗಳನ್ನು ಹೆಚ್ಚಾಗಿ ಆಲ್ಕೋಹಾಲ್ ಮತ್ತು ಫಾರ್ಮಲಿನ್ ಬೆರೆಸಿದ ದ್ರವದಲ್ಲಿ ಇಡುತ್ತಿದ್ದರು. ಅದಕ್ಕೆ ಒಳ್ಳೆಯ ಕಾರಣ ಇತ್ತು. ಅವರಿಗೆ ಬೇಕಿದ್ದುದು ಎಳೆಗಳ ರಚನೆ. ಅಣಬೆಯ ಮೈ ಎಷ್ಟು ಬಗೆಯ ಎಳೆಗಳಿಂದ ನೇಯ್ದಿದೆ ಎಂದು ನೋಡಿ ವರ್ಗೀಕರಿಸುವ ಪದ್ಧತಿಯನ್ನು 1930ರ ದಶಕದಲ್ಲಿ ಶುರು ಮಾಡಿದವರೇ ಅವರು. ದ್ರವದಲ್ಲಿ ಇಟ್ಟ ಅಣಬೆ ಸುಕ್ಕಾಗುವುದಿಲ್ಲ. ಎಳೆ, ಬೀಜಾಣು ಹುಟ್ಟುವ ಕೋಶ ಎಲ್ಲ ಇದ್ದಲ್ಲೇ ಇದ್ದ ಹಾಗೆ ಕಾಣುತ್ತವೆ. ಅವರ ಸೀಸೆಗಳು ಈಗ ಎಡಿನ್‌ಬರಾದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ಅಂಗರಚನೆ ನೋಡುವವರಿಗೆ ಇವತ್ತಿಗೂ ಬೆಲೆಬಾಳುವ ಸಂಗ್ರಹ.

ಆದರೆ ಫಾರ್ಮಲಿನ್ ಡಿಎನ್‌ಎಯನ್ನು ಪ್ರೋಟೀನುಗಳಿಗೆ ಬೆಸೆದುಬಿಡುತ್ತದೆ, ಚೂರುಚೂರು ಮಾಡುತ್ತದೆ. ಕಾರ್ನರ್ ಹೆಸರಿಟ್ಟ ಎಷ್ಟೋ ಪ್ರಭೇದಗಳ ಮೂಲ ಮಾದರಿಯಿಂದ ಡಿಎನ್‌ಎ ಓದಲು ಈಗಿನವರು ಒದ್ದಾಡುತ್ತಾರೆ. ಕೊನೆಗೆ ಅದೇ ಊರಿನ ಕಾಡಿಗೆ ಮತ್ತೆ ಹೋಗಿ, ಅದೇ ಅಣಬೆ ಅನಿಸಿದ್ದನ್ನು ಹುಡುಕಿ, ಒಣಗಿಸಿ ತರುತ್ತಾರೆ. ಕಾಡು ಉಳಿದಿದ್ದರೆ.

ಇದನ್ನು ಕಾರ್ನರ್ ಅವರ ಎಡವಟ್ಟು ಎನ್ನುವುದು ಅನ್ಯಾಯ. 1965ರಲ್ಲಿ ಡಿಎನ್‌ಎ ಓದುವ ವಿಧಾನವೇ ಇರಲಿಲ್ಲ. ತಮ್ಮ ಪ್ರಶ್ನೆಗೆ ತಕ್ಕ ದಾರಿಯನ್ನು ಅವರು ಹಿಡಿದರು. ಹವಾಯಿಯ ಜೋಡಿಗೆ ಅನುಕೂಲವಾದದ್ದು ಒಣಗಿಸುವ ಹಳೆಯ ಪದ್ಧತಿಯೇ ಡಿಎನ್‌ಎಗೂ ಒಗ್ಗಿದ್ದು. ಒಣ ಮಾದರಿಗೆ ಇನ್ನೂ ಒಂದು ಲಾಭ ಇದೆ. ಹಗುರ, ಸೋರುವುದಿಲ್ಲ, ಬೆಂಕಿ ಹತ್ತುವ ದ್ರವ ಎಂದು ವಿಮಾನದವರು ತಡೆಯುವುದಿಲ್ಲ. ಒಂದು ಹರ್ಬೇರಿಯಂನಿಂದ ಇನ್ನೊಂದಕ್ಕೆ ಅಂಚೆಯಲ್ಲಿ ಎರವಲು ಕಳಿಸಬಹುದು. ಬೆಲೆಯಾಗಿ ತೆರಬೇಕಾದ್ದು ಬಣ್ಣ, ಆಕಾರ. ಅದನ್ನು ಕಾಡಿನ ಟಿಪ್ಪಣಿ ತುಂಬಿಕೊಡಬೇಕು.

ಕಪಾಟಿನೊಳಗೆ

ಹರ್ಬೇರಿಯಂ ಬಾಗಿಲು ದಾಟುವ ಮೊದಲು ಮಾದರಿಯನ್ನು ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಸುಮಾರು ಒಂದು ವಾರ ಇಡುತ್ತಾರೆ. ಬೀಡಿ ಸಿಗರೇಟಿನ ಗೋದಾಮಿನಲ್ಲಿ ತಂಬಾಕು ಕೊರೆಯುವ ಪುಟ್ಟ ಕಂದು ಜೀರುಂಡೆಗೆ ಒಣ ಅಣಬೆಯೂ ಇಷ್ಟ. ಒಂದು ಮೊಟ್ಟೆ ಒಳಗೆ ಹೋದರೆ ಕೆಲವು ತಿಂಗಳಲ್ಲಿ ಪೊಟ್ಟಣದಲ್ಲಿ ಉಳಿಯುವುದು ಹುಡಿ. ಹಿಂದೆ ಇದಕ್ಕೆ ಪಾದರಸದ ವಿಷ ಹಚ್ಚುತ್ತಿದ್ದರು. ಅಂಥ ಹಳೆಯ ಮಾದರಿಗಳನ್ನು ಮುಟ್ಟುವಾಗ ಈಗಲೂ ಕೈಗವಸು ಬೇಕು.

ಪರೀಕ್ಷೆ ಮಾಡುವವರು ಕಿವಿರಿನಿಂದ ಸಣ್ಣ ಚೂರು ಕತ್ತರಿಸುತ್ತಾರೆ. ಅದನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ತಿಳಿ ದ್ರಾವಣದಲ್ಲಿ ನೆನೆಸಿದರೆ ಕುಸಿದ ಕೋಶಗಳು ಉಬ್ಬಿ ಮತ್ತೆ ಆಕಾರಕ್ಕೆ ಬರುತ್ತವೆ. ಬಣ್ಣ ಹಚ್ಚಿ ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಬೀಜಾಣು ಹೊರುವ ಉದ್ದನೆಯ ಕೋಶಗಳು ಕಾಣುತ್ತವೆ. ಮೇಣದ ಟೋಪಿಗಳಲ್ಲಿ ಅವು ಬೀಜಾಣುವಿನ ಐದು ಪಟ್ಟಿಗಿಂತ ಉದ್ದ ಎಂಬುದು ಹಳೆಯ ಗುರುತು. ಮಾಸಲು ಚೂರು ಮಾತಾಡುವುದು ಇಲ್ಲಿ. ಬಣ್ಣ ಟಿಪ್ಪಣಿಯಿಂದ ಬರುತ್ತದೆ, ಜಾಗ ಚೀಟಿಯಿಂದ ಬರುತ್ತದೆ, ಕೋಶಗಳು ಚೂರಿನಿಂದ ಬರುತ್ತವೆ. ಮೂರರಲ್ಲಿ ಒಂದು ಕೈಕೊಟ್ಟರೂ ಹೊಸ ಪ್ರಭೇದ ಎಂದು ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ.

ಪ್ರತಿ ಪರೀಕ್ಷೆಗೂ ಮಾದರಿ ಸ್ವಲ್ಪ ಸವೆಯುತ್ತದೆ ಎಂಬುದು ಯಾರೂ ಜಾಸ್ತಿ ಮಾತಾಡದ ಸಂಗತಿ. ಚಿಕ್ಕ ಅಣಬೆಯಾದರೆ ಕೆಲವು ಎರವಲುಗಳಲ್ಲೇ ಅರ್ಧ ಖಾಲಿ. ಅದಕ್ಕೇ ಒಂದೇ ಗುಂಪಿನ ಹಲವು ಅಣಬೆಗಳನ್ನು ಒಣಗಿಸಿ, ಸಾಧ್ಯವಾದರೆ ಎರಡು ಬೇರೆ ಊರಿನ ಸಂಸ್ಥೆಗಳಲ್ಲಿ ಇಡುವುದು ಜಾಣತನ. ಎಲ್ಲವೂ ಒಂದೇ ಕಟ್ಟಡದಲ್ಲಿದ್ದು ಅಲ್ಲಿ ಬೆಂಕಿಯೋ ನೀರೋ ನುಗ್ಗಿದರೆ ಹೆಸರಿಗೆ ಆಧಾರವೇ ಇಲ್ಲದಾಗುತ್ತದೆ.

ಬೂಟಿಗೆ ಅಂಟಿದ ಶಿಲೀಂಧ್ರ

1990ರ ದಶಕದಲ್ಲಿ ಇರದ ಒಂದು ನಿಯಮ ಈಗ ಹವಾಯಿಯ ಕಾಡಿಗೆ ಹೋಗುವವರಿಗೆಲ್ಲ ಇದೆ. 2010ರ ಸುಮಾರಿಗೆ ಬಿಗ್ ಐಲ್ಯಾಂಡಿನ ಪುನಾ ಭಾಗದಲ್ಲಿ ಓಹಿಯಾ ಮರಗಳು ಇದ್ದಕ್ಕಿದ್ದಂತೆ ಸಾಯತೊಡಗಿದವು. ಹಸಿರಾಗಿದ್ದ ಮರದ ನೆತ್ತಿ ಕೆಲವೇ ವಾರಗಳಲ್ಲಿ ಕಂದಾಗುತ್ತಿತ್ತು. 2014ರಲ್ಲಿ ಕಾರಣ ಪತ್ತೆಯಾಯಿತು, ಅದೂ ಒಂದು ಶಿಲೀಂಧ್ರ. 2018ರಲ್ಲಿ ಅದನ್ನು ಎರಡು ಪ್ರಭೇದಗಳೆಂದು ವಿವರಿಸಿದರು, ಸೆರಟೋಸಿಸ್ಟಿಸ್ ಲುಕುಓಹಿಯಾ ಮತ್ತು ಸೆರಟೋಸಿಸ್ಟಿಸ್ ಹುಲಿಓಹಿಯಾ. ಮರಕ್ಕೆ ಆದ ಗಾಯದಿಂದ ಒಳಹೋಗುತ್ತದೆ. ಜೀರುಂಡೆ ಕೊರೆದ ಹುಡಿಯಲ್ಲಿ, ಮಣ್ಣಿನಲ್ಲಿ, ಕತ್ತಿಯಲ್ಲಿ, ಬೂಟಿನ ತಳದಲ್ಲಿ ಊರೂರು ಸುತ್ತುತ್ತದೆ.

ಅಣಬೆ ಹುಡುಕುವವರು ಹಾದಿ ಬಿಟ್ಟು ಮಣ್ಣಲ್ಲಿ ಮಂಡಿಯೂರುವ ಜನ. ಒಂದೇ ವಾರದಲ್ಲಿ ಎರಡು ಮೂರು ದ್ವೀಪ ಸುತ್ತುವವರೂ ಹೌದು. ಹಾಗಾಗಿ ಅವರೇ ಇದನ್ನು ಹೊತ್ತೊಯ್ಯುವ ಅಪಾಯ ಜಾಸ್ತಿ. ಕಾಡಿಗೆ ಹೋಗುವ ಮೊದಲು, ಬಂದ ಮೇಲೆ, ಬೂಟಿನ ಮಣ್ಣು ಬ್ರಷ್‌ನಿಂದ ಉಜ್ಜಿ ತೆಗೆದು ಶೇ. 70ರ ಆಲ್ಕೋಹಾಲ್ ಸಿಂಪಡಿಸಬೇಕು. ಚಾಕುವಿಗೂ ಅಷ್ಟೇ. ಮಣ್ಣು ಉಜ್ಜದೆ ಬರೀ ಸಿಂಪಡಿಸಿದರೆ ಪ್ರಯೋಜನ ಕಡಿಮೆ.

ಓಹಿಯಾ ಹೋದರೆ ಅದರ ನೆರಳು, ಪಾಚಿ, ತೇವ ಎಲ್ಲ ಹೋಗುತ್ತದೆ. ಆ ಜಾಗಕ್ಕೆ ನುಗ್ಗಲು ಸೀಬೆಯ ಕಾಡುಜಾತಿ, ಹಿಮಾಲಯದ ಕಡೆಯಿಂದ ಹೋದ ಹಳದಿ ಹೂವಿನ ಶುಂಠಿ ಜಾತಿಯ ಗಿಡ, ಮಣ್ಣು ಬಗೆಯುವ ಕಾಡುಹಂದಿಗಳು ಕಾದಿವೆ. ಗುಲಾಬಿ ಮೇಣದ ಟೋಪಿ ಶುಂಠಿಯ ಪೊದೆಯೊಳಗೆ ಏಳುತ್ತದೆ ಎಂದು ನನಗೇನೂ ನಂಬಿಕೆ ಇಲ್ಲ.

ಮಾದರಿ ಇಲ್ಲದ ಹೆಸರುಗಳು

ಮೊದಲು ಹೇಳಿದ ಒಂದು ಮಾತಿಗೆ ತಿದ್ದುಪಡಿ ಬೇಕು. ಬೇರಿಗೆ ಕವಚ ಸುತ್ತುವ ಅಣಬೆಗಳೆಲ್ಲ ಹವಾಯಿಗೆ ಹೊರಗಿನ ಮರಗಳ ಜೊತೆ ಬಂದವು ಎಂದು ಬಹಳ ಕಾಲ ನಂಬಿದ್ದರು. 2014ರಲ್ಲಿ ಇಬ್ಬರು ಸಂಶೋಧಕರು ಹವಾಯಿಯದ್ದೇ ಆದ ಪೈಸೋನಿಯಾ ಸ್ಯಾಂಡ್ವಿಸೆನ್ಸಿಸ್ ಎಂಬ ಮರದ ಬೇರು ತುದಿಗಳನ್ನು ತೆಗೆದು ಡಿಎನ್‌ಎ ಓದಿದರು. ಅಂಥ ಶಿಲೀಂಧ್ರಗಳು ಅಲ್ಲಿ ಸಿಕ್ಕವು. ನೆಲದ ಮೇಲೆ ಕೊಡೆ ಹುಡುಕುವವರ ಕಣ್ಣಿಗೆ ಬೀಳದೆ ಬೇರಿನಲ್ಲೇ ಇದ್ದವು.

ಈಗ ಮಣ್ಣಿನ ಚಮಚವೊಂದರಿಂದ ನೂರಾರು ಶಿಲೀಂಧ್ರಗಳ ಡಿಎನ್‌ಎ ಓದಬಹುದು. ಕಾಡಿಗೆ ಹೋಗಿ ಲೋಳೆ ಅಣಬೆಯ ಹಿಂದೆ ಬೀಳುವುದು ಯಾಕೆ ಎಂದು ಕೇಳುವವರು ಇದ್ದಾರೆ. ಓದಿದ ಡಿಎನ್‌ಎಗೆ ಹೆಸರು ಹೊಂದಿಸಬೇಕಾದರೆ ಗುರುತಿಸಿದ ಮಾದರಿಯ ಡಿಎನ್‌ಎ ಹೋಲಿಸಿ ನೋಡುವ ದಾಖಲೆಗಳಲ್ಲಿ ಇರಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿ "ಗುರುತಿಸಲಾಗದ ಶಿಲೀಂಧ್ರ" ಎಂಬ ಸಾಲುಗಳೇ ಉದ್ದಕ್ಕೆ ಬರುತ್ತವೆ. ಉಷ್ಣವಲಯದ ಮಣ್ಣಿನ ಪಟ್ಟಿಗಳಲ್ಲಿ ಅಂಥ ಸಾಲುಗಳು ತುಂಬಾ ಇವೆ. ಅವಕ್ಕೆ ಹೆಸರು ಹೊಂದಿಸಲು ಮೊದಲು ಬಿಚ್ಚಬೇಕಾದ್ದು ಸಂಖ್ಯೆ, ಬಣ್ಣ, ಮರದ ಹೆಸರು ಬರೆದಿಟ್ಟು 42 ಡಿಗ್ರಿಯಲ್ಲಿ ಒಣಗಿಸಿದ ಪೊಟ್ಟಣಗಳನ್ನು.